ಸಹಾಯ ಬೇಕು: ಕಲ್ಪನಾ ಲೋಕದ ಗುಡಿಯಲ್ಲಿ ಪೂಜೆ ಬಿಟ್ಟು ಇನ್ನೇನು ನಡೆಯಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ದೇವರುಗಳು ನಿಜವಾಗಿಯೂ ಇದ್ದಾರೆ, ಕೇಳಿದರೆ ಉತ್ತರ ಕೊಡುತ್ತಾರೆ. ಇಂಥ ಕಡೆ ಅರ್ಚಕರು ಸುಮ್ನೆ ಮಂತ್ರ ಹಾಕಿ ಗಾಯ ವಾಸಿ ಮಾಡಿಕೊಂಡು ಕೂತರೆ ಸಾಲದು. ಊರಿನ ಬದುಕೇ ಗುಡಿಯ ಸುತ್ತ ತಿರುಗಬೇಕು.

ಇತಿಹಾಸದಲ್ಲೂ ಹಾಗೇ ಇತ್ತು ಅಲ್ವಾ? ಈಗಿನ ದಕ್ಷಿಣ ಇರಾಕ್‌ನಲ್ಲಿದ್ದ ಪ್ರಾಚೀನ ಸುಮೇರಿಯಾದ ಗುಡಿಗಳು ಧಾನ್ಯ ಕೂಡಿಟ್ಟು, ಕೆಲಸಗಾರರಿಗೆ ಬಾರ್ಲಿ ಅಳೆದು ಕೊಡುತ್ತಿದ್ದವು. ಲೆಕ್ಕವೆಲ್ಲ ಜೇಡಿಮಣ್ಣಿನ ಹಲಗೆ ಮೇಲೆ. ಪ್ರಾಚೀನ ರೋಮ್‌ನ ಖಜಾನೆ ಇದ್ದದ್ದು ಸ್ಯಾಟರ್ನ್ ದೇವರ ಗುಡಿಯಲ್ಲಿ.

ಹಾಗಾಗಿ ನನ್ನ ಕಥೆಯಲ್ಲೂ ಸಾಲಪತ್ರ ಬರೆದುಕೊಡುವುದು ಗುಡಿಯೇ. ಸತ್ಯದೇವತೆಯ ಮುಂದೆ ಸುಳ್ಳು ಹೇಳಿ ಸಹಿ ಹಾಕಿದರೆ, ಶಾಯಿ ತಾನಾಗಿ ಅಳಿಸಿಹೋಗುತ್ತದೆ. ಕಥೆ ಮುಂದೆ ಹೋಗದೆ ನಿಂತಿರುವುದು ಇಲ್ಲೇ. ಸುಳ್ಳು ನಡೆಯುವುದೇ ಇಲ್ಲ ಅಂದಮೇಲೆ ನ್ಯಾಯಾಧೀಶರಿಗೆ ಏನು ಕೆಲಸ? ಅರ್ಚಕರ ಕೈ ಮೇಲಾಗದಂತೆ ತಡೆಯುವವರು ಯಾರು? ಬರಗಾಲ ಬಂದರೆ ಕಣಜದ ಬೀಗದ ಕೈ ಗುಡಿಯ ಹತ್ತಿರ ಇರಬೇಕಾ, ರಾಜನ ಹತ್ತಿರವಾ? ಈ ಕೊನೆಯ ಪ್ರಶ್ನೆಯೇ ನನಗೆ ಜಾಸ್ತಿ ಮುಖ್ಯ, ಯಾಕಂದರೆ ಮುಂದಿನ ಜಗಳವೆಲ್ಲ ಅದರ ಮೇಲೆ ನಿಂತಿದೆ.

ಇಂಥ ಲೋಕ ಕಟ್ಟಿದವರು, ಗುಡಿಗಳ ಇತಿಹಾಸ ಓದಿಕೊಂಡವರು ದಯವಿಟ್ಟು ಹೇಳಿ. ಚಿಕ್ಕ ಉದಾಹರಣೆಯಾದರೂ ಸಾಕು.