ರಾಬರ್ಟ್ ಬರ್ಡ್: ಕ್ಲಾನ್ ಸೇರಿದ್ದವರು 51 ವರ್ಷ ಸೆನೆಟರ್ ಆಗಿದ್ದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇರಾಕ್ ಯುದ್ಧದ ಬಗ್ಗೆ ಓದುವಾಗ ಅಮೆರಿಕದ ಸೆನೆಟರ್ (ಸಂಸತ್ತಿನ ಮೇಲ್ಮನೆ ಸದಸ್ಯ) ರಾಬರ್ಟ್ ಬರ್ಡ್ 2003ರ ಫೆಬ್ರವರಿ 12ರಂದು ಮಾಡಿದ ಭಾಷಣ ಸಿಕ್ಕಿತು. ಯುದ್ಧ ಬಾಗಿಲಿಗೆ ಬಂದಿದೆ, ಈ ಸಭೆ ಮಾತ್ರ ಬಾಯಿ ಬಿಡುತ್ತಿಲ್ಲ ಎಂದು ತಮ್ಮ ಜೊತೆಯವರಿಗೇ ಹೇಳುತ್ತಾರೆ. ಆಗ ಅವರಿಗೆ 85 ವರ್ಷ. ನಾನು ಎರಡು ಸಲ ಓದಿದೆ. ಆಮೇಲೆ ಹುಡುಕಿದರೆ, ಇದೇ ಮನುಷ್ಯ ಯೌವನದಲ್ಲಿ ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಜನಾಂಗದ್ವೇಷಿ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಸೇರಿದ್ದರು ಅಂತ ಗೊತ್ತಾಯಿತು. ಮನಸ್ಸಿಗೆ ಕಸಿವಿಸಿ ಆಯಿತು. ವೆಸ್ಟ್ ವರ್ಜೀನಿಯಾದ ಜನ ಇವರನ್ನು ಒಂಬತ್ತು ಸಲ ಸೆನೆಟ್‌ಗೆ ಕಳಿಸಿದ್ದಾರೆ. ಇವರು ನಿಜವಾಗಿ ಬದಲಾದರಾ?

ಉತ್ತರ 1

ನಾನು ಆರು ವರ್ಷ ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್‌ನಲ್ಲಿದ್ದೆ. ಆ ರಾಜ್ಯದಲ್ಲಿ ಬರ್ಡ್ ಹೆಸರು ಕಾಣದೆ ಓಡಾಡೋಕೇ ಆಗಲ್ಲ. ಒಮ್ಮೆ ಗ್ರೀನ್ ಬ್ಯಾಂಕ್‌ಗೆ ಹೋಗಿದ್ದೆ. ಗುಡ್ಡಗಳ ನಡುವೆ ಫೋನ್ ಸಿಗ್ನಲ್ ಹೋಯಿತು. ಅಲ್ಲಿ ರೇಡಿಯೋ ಟೆಲಿಸ್ಕೋಪ್ ಇದೆ, ಅದರ ಕೆಲಸಕ್ಕೆ ತೊಂದರೆ ಆಗಬಾರದು ಅಂತ ಸುತ್ತಮುತ್ತ ರೇಡಿಯೋ ಅಲೆಗಳಿಗೆ ಕಡಿವಾಣ ಇದೆ. ಹಳೆಯ ಟೆಲಿಸ್ಕೋಪ್ 1988ರಲ್ಲಿ ಕುಸಿದು ಬಿತ್ತು. ಹೊಸದಕ್ಕೆ ದುಡ್ಡು ತಂದವರು ಬರ್ಡ್. 100 ಮೀಟರ್ ಅಗಲದ ಆ ತಟ್ಟೆಗೆ ಅವರದೇ ಹೆಸರು. ಜನ ಯಾಕೆ ಮತ್ತೆ ಮತ್ತೆ ಆರಿಸಿದರು ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ನಿಂತಿದೆ.

ಉಳಿದ ಅರ್ಧ ಅವರ ಬಾಲ್ಯದಲ್ಲಿದೆ. 1918ರ ಫ್ಲೂನಲ್ಲಿ ತಾಯಿ ಹೋದರು. ಮಗುವಿಗೆ ಆಗ ಒಂದು ವರ್ಷ. ಚಿಕ್ಕಮ್ಮ, ಚಿಕ್ಕಪ್ಪ ಕಲ್ಲಿದ್ದಲು ಗಣಿ ಊರುಗಳಲ್ಲಿ ಸಾಕಿದರು. ಪೆಟ್ರೋಲ್ ಬಂಕ್, ಮಾಂಸದ ಅಂಗಡಿ, ಹಡಗು ಕಟ್ಟೆಯಲ್ಲಿ ವೆಲ್ಡಿಂಗ್, ಎಲ್ಲಾ ಮಾಡಿದರು. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರಾದ ಮೇಲೆ ಹತ್ತು ವರ್ಷ ರಾತ್ರಿ ತರಗತಿಗೆ ಹೋಗಿ 1963ರಲ್ಲಿ ಕಾನೂನು ಪದವಿ ಪಡೆದರು. ಗಣಿ ಕಾರ್ಮಿಕರಿಗೆ ಅವರು ತಮ್ಮ ಮನೆಯವರ ಹಾಗೆ ಕಂಡರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. 1940ರ ದಶಕದ ಮೊದಲಿಗೆ ಕ್ಲಾನ್ ಸೇರಿದರು, ತಮ್ಮ ಊರಿನ ಘಟಕಕ್ಕೆ ಮುಖಂಡರೂ ಆದರು. ಸುಮಾರು ಒಂದು ವರ್ಷದಲ್ಲೇ ಆಸಕ್ತಿ ಹೋಯಿತು ಎಂದು ನಂತರ ಹೇಳಿದರು. ಆದರೆ 1946ರಲ್ಲಿ ಕ್ಲಾನ್‌ನ ದೊಡ್ಡ ನಾಯಕನಿಗೆ, ಸಂಘಟನೆ ಈಗ ಹಿಂದೆಂದಿಗಿಂತ ಬೇಕು ಎಂದು ಪತ್ರ ಬರೆದಿದ್ದಾರೆ. ಆ ಪತ್ರ 1952ರ ಚುನಾವಣೆಯಲ್ಲಿ ಹೊರಬಂತು. ಆದರೂ ಗೆದ್ದರು.

ನನಗೆ ಅದಕ್ಕಿಂತ ಜಾಸ್ತಿ ಚುಚ್ಚೋದು 1964. ಜನಾಂಗ ಭೇದ ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯನ್ನು ಮತಕ್ಕೆ ಬಿಡದೆ ತಡೆಯಲು ಜೂನ್ 9ರ ಸಂಜೆ ಎದ್ದು ನಿಂತವರು 14 ಗಂಟೆ 13 ನಿಮಿಷ ಮಾತಾಡಿದರು. ಇಡೀ ರಾತ್ರಿ! ಬೆಳಿಗ್ಗೆ ಸೆನೆಟ್ 71-29 ಮತಗಳಿಂದ ಚರ್ಚೆಗೆ ತೆರೆ ಎಳೆಯಿತು. ಆಗ ಅವರಿಗೆ 46 ವರ್ಷ. ಕ್ಲಾನ್ ವಿಷಯವನ್ನು ಹುಡುಗುತನ ಅನ್ನಬಹುದೇನೋ, ಇದನ್ನು ಅನ್ನೋಕಾಗಲ್ಲ.

ಬದಲಾದರಾ ಅಂದರೆ, ಹೌದು, ನಾನು ನಂಬ್ತೀನಿ. ತುಂಬ ನಿಧಾನವಾಗಿ ಬದಲಾದರು. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜಾದಿನಕ್ಕೆ ಮತ ಹಾಕಿದರು. 2008ರಲ್ಲಿ ಒಬಾಮಾ ಅವರನ್ನು ಬೆಂಬಲಿಸಿದರು. ತಪ್ಪು ಮಾಡಿದೆ ಎಂದು ಮತ್ತೆ ಮತ್ತೆ, ಹೆಸರಿಟ್ಟು ಹೇಳಿದರು. 2010ರ ಜೂನ್‌ನಲ್ಲಿ ತೀರಿಕೊಂಡಾಗ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆ ಎನ್‌ಎಎಸಿಪಿಯೇ ಸಂತಾಪ ಸೂಚಿಸಿತು.

ಉತ್ತರ 2

ಮೇಲಿನವರ ಮಾತು ಒಪ್ಪುತ್ತೇನೆ. ಒಂದು ವಿಷಯ ಬಿಟ್ಟಿದ್ದಾರೆ. ಸುಪ್ರೀಂ ಕೋರ್ಟ್‌ಗೆ ಮೊದಲು ಬಂದ ಇಬ್ಬರು ಕಪ್ಪು ನ್ಯಾಯಮೂರ್ತಿಗಳಿಗೂ ಬರ್ಡ್ ವಿರುದ್ಧವೇ ಮತ ಹಾಕಿದರು: 1967ರಲ್ಲಿ ಥರ್ಗುಡ್ ಮಾರ್ಷಲ್, 1991ರಲ್ಲಿ ಕ್ಲಾರೆನ್ಸ್ ಥಾಮಸ್. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡನೇ ಸಲ, ಥಾಮಸ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ್ದ ಅನಿತಾ ಹಿಲ್ ಹೇಳಿದ್ದನ್ನು ನಂಬುತ್ತೇನೆ ಎಂದು ಸೆನೆಟ್‌ನಲ್ಲೇ ನಿಂತು ಹೇಳಿದ್ದರು. ಒಬ್ಬ ಕಪ್ಪು ಮಹಿಳೆಯ ಮಾತನ್ನು ನಂಬಿ ಹಾಕಿದ ಮತ ಅದು.

ಇನ್ನು ಸೆನೆಟ್ ನಿಯಮಗಳು ಅವರಷ್ಟು ಯಾರಿಗೂ ಬಾಯಿಪಾಠ ಇರಲಿಲ್ಲ. ಬಜೆಟ್‌ಗೆ ಸಂಬಂಧ ಇಲ್ಲದ ವಿಷಯಗಳನ್ನು ರೆಕನ್ಸಿಲಿಯೇಷನ್ ಮಸೂದೆಯಲ್ಲಿ (ಸೆನೆಟ್‌ನಲ್ಲಿ ಸರಳ ಬಹುಮತದಿಂದಲೇ ಪಾಸಾಗುವ ಬಜೆಟ್ ಮಸೂದೆ) ತುರುಕಬಾರದು ಎನ್ನುವ ‘ಬರ್ಡ್ ರೂಲ್’ 1985ರಿಂದ ಇದೆ. ಇವತ್ತಿಗೂ ದೊಡ್ಡ ದೊಡ್ಡ ಮಸೂದೆಗಳು ಅದಕ್ಕೆ ತಗಲಿಕೊಂಡು ನಿಲ್ಲುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. 2003ರ ಭಾಷಣದ ಮೇಲೆ ನನಗಿದ್ದ ಗೌರವ ಇಟ್ಟುಕೊಳ್ಳಬಹುದಾ ಅನ್ನೋದೇ ನನ್ನ ಒಳಗಿನ ಪ್ರಶ್ನೆ ಆಗಿತ್ತು.

ಉತ್ತರ 1

ಇಟ್ಟುಕೊಳ್ಳಿ. ಆದರೆ 1964ರ ಆ ರಾತ್ರಿಯ ಮಾತುಗಳನ್ನೂ ಓದಿ. ಸಂಸತ್ತಿನ ಮಾತುಗಳನ್ನು ದಾಖಲಿಸುವ ಕಾಂಗ್ರೆಷನಲ್ ರೆಕಾರ್ಡ್‌ನಲ್ಲಿ ಪುಟಗಟ್ಟಲೆ ಇದೆ. ನಾನು ಒಂದೇ ಸಲಕ್ಕೆ ಮುಗಿಸೋಕೆ ಆಗಲಿಲ್ಲ, ನಡುವೆ ಎದ್ದು ಹೊರಗೆ ಹೋಗಿ ಬಂದೆ.