ಪದಚರ್ಚೆ: ‘ಸೊಪ್ರಾನೊ’ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ವಿ.ಎನ್.:
ಎಲ್ಲರಿಗೂ ನಮಸ್ಕಾರ. ವಿವೇಕಾನಂದರ ವಿದೇಶಿ ಸ್ನೇಹಿತರ ಬಗ್ಗೆ ಒಂದು ಚಿತ್ರಪ್ರದರ್ಶನ ಇದೆ. ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಎಮ್ಮಾ ಕಾಲ್ವೆ ಹತ್ತಿರ ನಿಂತುಹೋಗಿದ್ದೇನೆ. ಇಂಗ್ಲಿಷಿನಲ್ಲಿ ‘ಫ್ರೆಂಚ್ ಆಪರಾಟಿಕ್ ಸೊಪ್ರಾನೊ, 1858–1942’ ಅಂತಿದೆ. ‘ಫ್ರಾನ್ಸಿನ ತಾರಸ್ಥಾಯಿ ಗೀತನಾಟಕ ಗಾಯಕಿ’ ನಡೆಯುತ್ತದೆಯೇ? ಒಂದೇ ಸಾಲಿಗೆ ಜಾಗ. ಅವರ ‘ಫೋರ್ತ್ ವಾಯ್ಸ್’ಗೂ (ಅವರು ಸಾಧಿಸಿದ್ದ ಒಂದು ವಿಚಿತ್ರವಾದ ಮೇಲಿನ ದನಿ) ಒಂದು ಪದ ಬೇಕು. ಫ್ಲೆಕ್ಸ್ ಅಂಗಡಿಗೆ ಇವತ್ತು ಸಂಜೆಯೊಳಗೆ ಕಳಿಸಬೇಕು, ದಯವಿಟ್ಟು.

ಕೆ.ಎಸ್.:
ತಾರಸ್ಥಾಯಿ ತೆಗೆಯಿರಿ. ಮಂದ್ರ, ಮಧ್ಯ, ತಾರ ಎಲ್ಲ ಹಾಡುವವರ ಷಡ್ಜದಿಂದ ಎಣಿಸುವ ಲೆಕ್ಕ. ತಗ್ಗಿನ ‘ಒಂದು’ ಶ್ರುತಿಗೆ ಹಾಡುವ ಗಂಡಸರೂ ತಾರಸ್ಥಾಯಿ ಮುಟ್ಟುತ್ತಾರೆ. ಅವರೇನು ಸೊಪ್ರಾನೊಗಳಾ? ಸೊಪ್ರಾನೊ ಅನ್ನುವುದು ಶಾರೀರದ, ಅಂದರೆ ಕಂಠದ, ಜಾತಿ. ಹೆಂಗಸರ ಶಾರೀರಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಅದರ ಕೆಳಗೆ ಮೆಝೊ, ಇನ್ನೂ ಕೆಳಗೆ ಕಾಂಟ್ರಾಲ್ಟೊ. ನಾವು ಹಾಡುವವರಿಗೆ ತಕ್ಕಂತೆ ತಂಬೂರಿ ಶ್ರುತಿ ಮಾಡಿಕೊಳ್ಳುತ್ತೇವೆ. ಅಲ್ಲಿ ಪಾತ್ರದ ಸ್ವರ ಮೊದಲೇ ಬರೆದಿಟ್ಟಿರುತ್ತದೆ, ಅದಕ್ಕೆ ಹೊಂದುವ ಶಾರೀರವನ್ನು ಹುಡುಕುತ್ತಾರೆ. ಅವರಿಗೆ ಈ ಹೆಸರುಗಳು ಬೇಕಾದವು, ನಮಗೆ ಬೇಕಾಗಲಿಲ್ಲ. ‘ಸೊಪ್ರಾನೊ ಶಾರೀರ’ ಅಂತ ಬರೆದು ಸುಮ್ಮನಾಗಿ.

ಬಿ.:
ಹಾಡಾಟ. ಮೇಲ್ದನಿ. ‘ಹಾಡಾಟದ ಮೇಲ್ದನಿಗಾತಿ’. ಅಚ್ಚಗನ್ನಡ, ಒಂದೇ ಸಾಲು. ಶಾರೀರ, ಗೀತನಾಟಕ ಎಲ್ಲ ಯಾಕೆ ಬೇಕು?

ಕೆ.ಎಸ್.:
ಸಂಗೀತದವರು ದಿನಾ ಆಡುವ ಮಾತು ‘ಶಾರೀರ’. ‘ಮೇಲ್ದನಿಗಾತಿ’ ಅಂದರೆ ಜೋರಾಗಿ ಕೂಗಾಡುವವಳು ಅನ್ನಿಸುತ್ತದೆ.

ರಾ.:
ಯಾರೂ ಬೇರಿಗೆ ಹೋಗುತ್ತಿಲ್ಲವಲ್ಲ! ಇಟಾಲಿಯನ್ ‘ಸೊಪ್ರಾ’ ಅಂದರೆ ಮೇಲೆ. ಲ್ಯಾಟಿನ್ನಿನಲ್ಲಿ ಸುಪ್ರಾ, ಸೂಪರ್. ಸಂಸ್ಕೃತದ ‘ಉಪರಿ’ ಅದೇ ಮನೆತನದ್ದು. ನಮ್ಮ ಉಪ್ಪರಿಗೆಗೂ ಸೊಪ್ರಾನೊಗೂ ನೆಂಟಸ್ತನ ಆಯಿತಲ್ಲ! ಇನ್ನು ‘ಆಪರಾ’. ಲ್ಯಾಟಿನ್ ‘ಓಪಸ್’ನ ಬಹುವಚನ. ಅಂದರೆ ಕೆಲಸ, ಮಾಡಿದ್ದು. ಅಂದರೆ ಕೃತಿ! ತ್ಯಾಗರಾಜರ ಕೃತಿಯ ಅರ್ಥವೂ ಅದೇ. ಆದ್ದರಿಂದ ‘ಕೃತಿನಾಟಕ’ ಅನ್ನಿ.

ಜಿ.ಎಚ್.:
ರಾಯರೇ, ‘ಆಪರೇಷನ್’ ಕೂಡ ಅದೇ ಬೇರಿನದು. ಇನ್ನುಮೇಲೆ ಸರ್ಜನ್‌ಗಳನ್ನು ವಾಗ್ಗೇಯಕಾರರು ಅನ್ನೋಣವೇ? ಅವರಿಗೆ ಸಂಜೆಯೊಳಗೆ ಪದ ಬೇಕು.

ಎಂ.:
ಮೇಡಂ, ‘ಗಾಯಕಿ’ ಒಂದೇ ಸಾಲದು. ಕಾಲ್ವೆ ಅರ್ಧ ಗೆದ್ದಿದ್ದೇ ಅಭಿನಯದಿಂದ. ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಅವೆರೊನ್ ಸೀಮೆಯ ದಕಾಜ್‌ವಿಲ್‌ನಲ್ಲಿ. ಪಾಠ ಆಗಿದ್ದು ಮಥಿಲ್ಡ್ ಮಾರ್ಕೇಸಿಯವರ ಬಳಿ. 1891ರಲ್ಲಿ ರೋಮ್‌ನಲ್ಲಿ ಇಟಲಿಯ ಸಂಯೋಜಕ ಮಸ್ಕಾನಿಯ ಆಪರಾದ ಸುಜೆಲ್ ಪಾತ್ರವನ್ನು ಮೊದಲು ಹಾಡಿದ್ದು ಇವರೇ. 1893ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪರಾ ಮಂದಿರಕ್ಕೆ ಬಂದರು. ಬಿಜೆಯ ಆಪರಾದ ಜಿಪ್ಸಿ ಹೆಣ್ಣು ಕಾರ್ಮೆನ್ ಪಾತ್ರ ಇವರಿಗೆ ಅಂಟಿಕೊಂಡುಬಿಟ್ಟಿತು. ಅದಕ್ಕೆಂದೇ ಸ್ಪೇನಿನ ಗ್ರನಾಡಾಕ್ಕೆ ಹೋಗಿ ಜಿಪ್ಸಿಗಳ ಕುಣಿತ, ನಡೆ ಎಲ್ಲ ನೋಡಿಕೊಂಡು ಬಂದಿದ್ದರು. ಫ್ರೆಂಚ್ ಸಂಯೋಜಕ ಮಾಸ್ನೆ ಇವರನ್ನೇ ಮನಸ್ಸಿನಲ್ಲಿಟ್ಟು ಎರಡು ಆಪರಾ ಬರೆದ. ಬರೀ ಮೇಲಿನ ಸ್ವರ ಹಿಡಿಯುವವರಿಗೆ ಹಾಗೆ ಯಾರೂ ಬರೆದುಕೊಡುವುದಿಲ್ಲ. ಇನ್ನೊಂದು ತಮಾಷೆ: ಕಾರ್ಮೆನ್ ಪಾತ್ರವನ್ನು ಈಗ ಹೆಚ್ಚಾಗಿ ಹಾಡುವುದು ಮೆಝೊಗಳು.

‘ಫೋರ್ತ್ ವಾಯ್ಸ್’ ಕಲಿತದ್ದು ಡೊಮೆನಿಕೊ ಮುಸ್ತಫಾ ಅವರಿಂದ. ಪೋಪರ ಸಿಸ್ಟೈನ್ ಚಾಪೆಲ್‌ನಲ್ಲಿದ್ದ ಕ್ಯಾಸ್ಟ್ರಾಟೊ (ದನಿ ಒಡೆಯದಿರಲೆಂದು ಬಾಲ್ಯದಲ್ಲೇ ಬೀಜ ತೆಗೆಸಿದ) ಹಾಡುಗಾರ ಆತ. ಬಾಯಿ ಮುಚ್ಚಿಕೊಂಡು ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡು, ಹತ್ತು ವರ್ಷಕ್ಕೆ ಏನಾದರೂ ಬಂದೀತು ಅಂದರಂತೆ. ಆತ್ಮಕಥೆಯಲ್ಲಿ ಕಾಲ್ವೆಯೇ ಹೇಳಿಕೊಂಡಿದ್ದಾರೆ. ‘ನಾಲ್ಕನೇ ದನಿ’ ಅಂದರೆ ಸಾಕು.

ಜಿ.ಎಚ್.:
ಅದು ‘ಕಳ್ಳಕಂಠ’, ಅಂದರೆ ಸಹಜವಲ್ಲದ ಕೃತಕ ದನಿ, ಅಲ್ವಾ?

ಕೆ.ಎಸ್.:
ಅಲ್ಲ. ನಮ್ಮಲ್ಲಿ ಕಳ್ಳಕಂಠ ಅನ್ನುವುದು ಬೈಗುಳ. ಇದು ಕಷ್ಟಪಟ್ಟು ಸಾಧಿಸಿದ್ದು.

ಎಂ.:
ಫಲಕದಲ್ಲಿ ‘ಶಿಷ್ಯೆ’ ಅಂತ ಇದ್ದರೆ ಅದನ್ನೂ ನೋಡಿಕೊಳ್ಳಿ. ‘ಸ್ನೇಹಿತೆ’ ವಾಸಿ. ವಿವೇಕಾನಂದರ ಜೊತೆ ಮೊದಲ ಭೇಟಿ ಶಿಕಾಗೊದಲ್ಲಿ. ಕಾಲ್ವೆಯ ಮನಸ್ಸು ತೀರಾ ಕುಗ್ಗಿದ್ದ ಕಾಲ. 1900ರ ಅಕ್ಟೋಬರ್‌ನಲ್ಲಿ ಇಬ್ಬರೂ ಪ್ಯಾರಿಸ್‌ನಿಂದ ಹೊರಟ ಗುಂಪಿನಲ್ಲಿದ್ದರು. ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಅಥೆನ್ಸ್, ಆಮೇಲೆ ಕೈರೊ. ಸ್ವಾಮೀಜಿ ಹೋಗಿದ್ದು ಕಾಲ್ವೆಯ ಅತಿಥಿಯಾಗಿ.

ವಿ.ಎನ್.:
ಎಲ್ಲರಿಗೂ ಧನ್ಯವಾದ. ‘ಫ್ರಾನ್ಸಿನ ಆಪರಾ ಗಾಯಕಿ, ನಟಿ’ ಅಂತ ಕಳಿಸಿದೆ. ‘ಸೊಪ್ರಾನೊ ಶಾರೀರ’ ಕೆಳಗಿನ ವಿವರದಲ್ಲಿದೆ. ಪ್ರೂಫ್‌ನಲ್ಲಿ ‘ಮೇಡಂ ಕಾಲುವೆ’ ಅಂತ ಬಂತು! ಅಂಗಡಿಯ ಹುಡುಗ ತಾನೇ ತಿದ್ದಿದ್ದನಂತೆ. ‘ಕಾಲ್ವೇ’ ಅಂತ ದೀರ್ಘ ಕೊಟ್ಟಿದ್ದೇನೆ. ಫ್ರೆಂಚಿಗೂ ಅದೇ ಹತ್ತಿರ.

ಬಿ.:
‘ಫ್ರಾನ್ಸಿನ ಆಪರಾ ಗಾಯಕಿ, ನಟಿ’. ಇದರಲ್ಲಿ ಕನ್ನಡ ಅಂದರೆ ‘ಇನ’ ಒಂದೇ. ಅದೂ ಪ್ರತ್ಯಯ.

ಜಿ.ಎಚ್.:
ಸಾಲ ತಂದ ಪದವೂ ನಮ್ಮದೇ ಆಗುತ್ತದೆ ಸ್ವಾಮಿ. ಫಿಡಲ್ ಬಂತು, ಪಿಟೀಲು ಆಯಿತು. ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿದರು. ‘ಪಿಟೀಲು ಚೌಡಯ್ಯ’ ಅಂದರೆ ಯಾರಿಗಾದರೂ ಇಂಗ್ಲಿಷ್ ಅನ್ನಿಸುತ್ತದಾ?

ಬಿ.:
ನಾನು ಹೇಳುವುದೂ ಅದನ್ನೇ. ಪಿಟೀಲು ಮಾಡಿಕೊಳ್ಳಿ, ಫಿಡಲ್ ಅಂತಲೇ ಇಟ್ಟುಕೊಳ್ಳಬೇಡಿ. ಸಭಾ ನಮ್ಮಲ್ಲಿ ಸಭೆ ಆಯಿತು, ಭಾಷಾ ಭಾಷೆ ಆಯಿತು. ಹಾಗೇ ‘ಆಪರೆ’ ಅನ್ನಿ. ಆಪರೆಯ, ಆಪರೆಗೆ, ಆಪರೆಯಲ್ಲಿ. ವಿಭಕ್ತಿ ಸಲೀಸಾಗಿ ಕೂರುತ್ತದೆ. ‘ಆಪರಾಗೆ’, ‘ಆಪರಾದಲ್ಲಿ’ ಅಂತ ಬರೆಯುವವರಿಗೆ ಕಿವಿ ಇಲ್ಲ.

ರಾ.:
‘ಆಪರೆ’ ಚೆನ್ನಾಗಿದೆ. ಆದರೆ ಲ್ಯಾಟಿನ್ನಿನಲ್ಲಿ ಅದು ಬಹುವಚನ ಅನ್ನುವುದನ್ನು ಮರೆಯಬೇಡಿ. ‘ಆಪರೆಗಳು’ ಅಂದರೆ ಎರಡು ಸಲ ಬಹುವಚನ ಆಗುತ್ತದೆ.

ಕೆ.ಎಸ್.:
ಇಟಾಲಿಯನ್ನರಿಗೆ ‘ಆಪರಾ’ ಏಕವಚನವೇ, ರಾಯರೇ. ಅವರೇ ‘ಓಪೆರೆ’ ಅಂತ ಇನ್ನೊಂದು ಬಹುವಚನ ಮಾಡಿಕೊಂಡಿದ್ದಾರೆ.

ನಿರ್ವಾಹಕ:
ಸಾಲಪದಗಳ ವಿಷಯಕ್ಕೆ ಬೇರೆ ಎಳೆ ತೆಗೆಯಿರಿ. ಇದನ್ನು ಮುಚ್ಚುತ್ತಿದ್ದೇನೆ.