ಕೊನೆಯ ವರ್ಷದ ಪ್ರಬಂಧ: ಭೌತ ಭೂಗೋಳವೋ, ಮಾನವ ಭೂಗೋಳವೋ?

ಪ್ರಶ್ನೆ (ಎರಡನೇ ವರ್ಷದ ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ಭೂಗೋಳಶಾಸ್ತ್ರದ ಪದವಿಯಲ್ಲಿ ಎರಡನೇ ವರ್ಷವನ್ನು ಮುಗಿಸುತ್ತಿದ್ದೇನೆ. ಭೂರೂಪ, ಹವಾಮಾನ, ಮಣ್ಣು ಇವುಗಳನ್ನೂ ಜನಸಂಖ್ಯೆ, ವಲಸೆ, ನಗರಗಳ ಬೆಳವಣಿಗೆ ಇವುಗಳನ್ನೂ ಓದಿದ್ದೇನೆ. ಆದರೆ ಇವೆಲ್ಲ ಒಂದೇ ಶಾಸ್ತ್ರಕ್ಕೆ ಸೇರಿದವು ಎಂಬುದು ನನಗೆ ಪಠ್ಯಕ್ರಮದ ಹೆಸರಿನಲ್ಲಿ ಮಾತ್ರ ಕಂಡಿದೆ. ನದಿಯು ತಿರುವಿನ ಹೊರದಂಡೆಯನ್ನು ಕೊರೆದು ಒಳದಂಡೆಯಲ್ಲಿ ಮರಳನ್ನು ಬಿಡುವ ಬಗೆಯನ್ನು ಬೆಳಿಗ್ಗೆ ಕಲಿಯುತ್ತೇವೆ, ಜನರು ಊರು ಬಿಡುವ ಕಾರಣಗಳನ್ನು ಮಧ್ಯಾಹ್ನ ಚರ್ಚಿಸುತ್ತೇವೆ. ಅದೇ ನದಿಯು ಅದೇ ಊರನ್ನು ಮುಳುಗಿಸಿರಬಹುದು ಎಂಬ ಮಾತು ಎರಡೂ ತರಗತಿಗಳಲ್ಲಿ ಬರುವುದಿಲ್ಲ.

ಪ್ರಬಂಧಕ್ಕಾಗಿ ಈಗ ಒಂದು ಶಾಖೆಯನ್ನು ಆರಿಸಿಕೊಳ್ಳಬೇಕಾಗಿದೆ. ನನ್ನ ಮನಸ್ಸಿರುವುದು ಪ್ರವಾಹ ಬಯಲುಗಳ ಮೇಲೆ: ಮತ್ತೆ ಮತ್ತೆ ನೀರು ನುಗ್ಗುವ ಜಾಗಕ್ಕೆ ಜನರು ಏಕೆ ಮರಳುತ್ತಾರೆ ಎಂಬುದನ್ನು ತಿಳಿಯಬೇಕೆಂಬ ಆಸೆ. ಗಣಿತದಲ್ಲಿ ನಾನು ಅಷ್ಟೇನೂ ಗಟ್ಟಿಯಲ್ಲ. ಹಾಗಿದ್ದರೆ ಮಾನವ ಭೂಗೋಳವನ್ನೇ ತೆಗೆದುಕೋ ಎಂದು ಸಹಪಾಠಿಗಳು ಹೇಳುತ್ತಿದ್ದಾರೆ. ಅದು ಸರಿಯಾದ ಕಾರಣವೇ? ಎರಡು ಶಾಖೆಗಳನ್ನೂ ಒಂದೇ ಪ್ರಬಂಧದಲ್ಲಿ ಹಿಡಿಯಲು ಸಾಧ್ಯವೇ?

ಉತ್ತರ 1 (ನದಿಗಳ ಅಧ್ಯಯನದಲ್ಲಿರುವವರು):

ಗಣಿತದ ಭಯದಿಂದ ಶಾಖೆಯನ್ನು ಆರಿಸಬೇಡಿ. ಪದವಿ ಹಂತದ ಭೌತ ಭೂಗೋಳಕ್ಕೆ ಬೇಕಾಗುವ ಲೆಕ್ಕ ಹೆಚ್ಚಿನ ಮಟ್ಟಿಗೆ ಗುಣಾಕಾರ, ಸರಾಸರಿ ಮತ್ತು ಆಲೇಖಗಳ ಮಟ್ಟದ್ದು. ಅದಕ್ಕಿಂತ ಹೆಚ್ಚಾಗಿ ಬೇಕಾಗುವುದು ಅಳೆಯುವಾಗಿನ ತಾಳ್ಮೆ. ಒಂದು ಉದಾಹರಣೆ ಕೊಡುತ್ತೇನೆ. ಹೊಳೆಯ ವೇಗವನ್ನು ತಿಳಿಯಲು ದಡದ ಮೇಲೆ ಹತ್ತು ಮೀಟರ್ ಗುರುತು ಮಾಡಿ, ತೇಲುವ ವಸ್ತುವೊಂದನ್ನು ಬಿಟ್ಟು, ಅದು ಆ ದೂರವನ್ನು ಕ್ರಮಿಸಲು ಹಿಡಿಯುವ ಸಮಯವನ್ನು ನೋಡುತ್ತೇವೆ. ಆದರೆ ಮೇಲ್ಮೈಯ ನೀರು ತಳದ ನೀರಿಗಿಂತ ಬೇಗ ಹರಿಯುತ್ತದೆ. ಆದ್ದರಿಂದ ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸಿ ಸರಾಸರಿಯನ್ನು ಅಂದಾಜಿಸುತ್ತೇವೆ. ಲೆಕ್ಕ ಇಷ್ಟೇ. ತಳದಲ್ಲಿ ನೀರನ್ನು ತಡೆಯುವುದು ಏನು, ಉರುಟು ಕಲ್ಲುಗಳೋ ನಯವಾದ ಕೆಸರೋ ಎಂದು ಕೇಳಿಕೊಂಡಾಗಲೇ ಆ ಸಂಖ್ಯೆಗೆ ಅರ್ಥ ಬರುತ್ತದೆ.

ಬೆಟ್ಟದ ತೊರೆ ರಭಸದ್ದು, ಬಯಲಿನ ನದಿ ನಿಧಾನದ್ದು ಎಂದು ನಾವೆಲ್ಲರೂ ನಂಬಿರುತ್ತೇವೆ. ನದಿಗಳನ್ನು ಅಧ್ಯಯನ ಮಾಡಿದ ಲೂನಾ ಲಿಯೋಪೋಲ್ಡ್ ಮತ್ತು ಥಾಮಸ್ ಮ್ಯಾಡಕ್ 1953ರಲ್ಲಿ ಅಮೆರಿಕದ ಹಲವಾರು ನದಿಗಳ ಅಳತೆಗಳನ್ನು ಜೋಡಿಸಿ ನೋಡಿದಾಗ, ಕೆಳಹರಿವಿನ ಕಡೆಗೆ ಸಾಗಿದಂತೆ ಸರಾಸರಿ ವೇಗ ಸಾಮಾನ್ಯವಾಗಿ ಕುಗ್ಗುವುದಿಲ್ಲ, ತುಸು ಹೆಚ್ಚುವುದೂ ಉಂಟು ಎಂಬುದು ಕಂಡುಬಂತು. ಇಳಿಜಾರು ಕಡಿಮೆಯಾದರೂ ಆಳ ಹೆಚ್ಚುತ್ತದೆ, ತಳವು ನಯವಾಗುತ್ತದೆ. ಬೆಟ್ಟದ ತೊರೆಯಲ್ಲಿ ಕಣ್ಣು ಸೆಳೆಯುವ ನೊರೆ ಮತ್ತು ಸದ್ದು ಬಹುಮಟ್ಟಿಗೆ ಕಲ್ಲುಗಳಿಗೆ ಬಡಿದು ಕಳೆದುಹೋಗುವ ಶಕ್ತಿಯ ಗುರುತುಗಳು. ಈ ಸಂಗತಿ ನನ್ನನ್ನು ಭೌತ ಭೂಗೋಳದಲ್ಲಿ ಉಳಿಸಿತು. ನಿಮ್ಮನ್ನು ಹೀಗೆ ಹಿಡಿದು ನಿಲ್ಲಿಸುವ ಪ್ರಶ್ನೆ ಯಾವ ಕಡೆ ಇದೆಯೋ ಆ ಕಡೆಗೆ ಹೋಗಿ.

ಉತ್ತರ 2 (ಮಾನವ ಭೂಗೋಳವನ್ನು ಬೋಧಿಸುವವರು):

ಮೇಲಿನ ಮಾತನ್ನು ಒಪ್ಪುತ್ತೇನೆ. ಅದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮಾನವ ಭೂಗೋಳವೆಂದರೆ ಅಂಕಿಗಳಿಂದ ಬಿಡುಗಡೆ ಎಂದು ನಂಬಿ ಬಂದವರು ಜನಗಣತಿಯ ಕೋಷ್ಟಕಗಳ ಮುಂದೆ ಮೊದಲ ತಿಂಗಳಲ್ಲೇ ಕಂಗೆಡುವುದನ್ನು ಕಂಡಿದ್ದೇನೆ.

ನಿಮ್ಮ ವಿಷಯಕ್ಕೆ ಹಿರಿಯರ ದಾರಿಯೊಂದು ಆಗಲೇ ಇದೆ. ಪ್ರವಾಹವು ಪ್ರಕೃತಿಯ ಕೆಲಸವಾದರೂ ಅದರಿಂದಾಗುವ ನಷ್ಟ ಬಹುಪಾಲು ಮನುಷ್ಯರ ನಿರ್ಧಾರಗಳ ಫಲ ಎಂಬುದನ್ನು ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1945ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ವಾದಿಸಿದರು. ಒಡ್ಡು ಕಟ್ಟಿದ ಮೇಲೆ ಜನರಿಗೆ ಧೈರ್ಯ ಬರುತ್ತದೆ; ಧೈರ್ಯ ಬಂದ ಮೇಲೆ ಒಡ್ಡಿನ ಮಗ್ಗುಲಲ್ಲೇ ಮನೆ, ಗೋದಾಮು, ರಸ್ತೆಗಳು ಏಳುತ್ತವೆ; ಸಣ್ಣ ಪ್ರವಾಹಗಳನ್ನು ತಡೆದ ಆ ಒಡ್ಡು ದೊಡ್ಡ ಪ್ರವಾಹದಲ್ಲಿ ಒಡೆದಾಗ, ಒಡ್ಡೇ ಇಲ್ಲದಿದ್ದ ಕಾಲಕ್ಕಿಂತ ಹೆಚ್ಚು ಹಾನಿಯಾಗಬಹುದು. ಈ ಸರಪಳಿಯಲ್ಲಿ ಭೌತ ಭೂಗೋಳ ಎಲ್ಲಿ ಮುಗಿಯಿತು, ಮಾನವ ಭೂಗೋಳ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನನಗೆ ಇಂದಿಗೂ ಆಗಿಲ್ಲ. 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತವನ್ನು ಶಿಖರದ ಸಮೀಪದವರೆಗೆ ಹತ್ತಿ, ಎತ್ತರಕ್ಕೆ ತಕ್ಕಂತೆ ಸಸ್ಯಗಳು ಬದಲಾಗುವುದನ್ನು ದಾಖಲಿಸಿದ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಅವರೇ ಮುಂದೆ ಮೆಕ್ಸಿಕೋದ ಜನಸಂಖ್ಯೆ, ಬೇಸಾಯ ಮತ್ತು ಗಣಿಗಳ ಬಗ್ಗೆಯೂ ಬರೆದರು.

ಇಷ್ಟಾದರೂ, ಎರಡನ್ನೂ ಒಂದೇ ಪ್ರಬಂಧದಲ್ಲಿ ಸಮನಾಗಿ ಹಿಡಿಯಿರಿ ಎಂದು ನಾನು ಹೇಳಲಾರೆ. ಕಾರಣ, ವಿಷಯ ಒಂದೇ ಆದರೂ ವಿಧಾನಗಳು ಬೇರೆ, ಪ್ರತಿಯೊಂದು ವಿಧಾನವೂ ಸಮಯವನ್ನು ಬೇಡುತ್ತದೆ. ಸಂದರ್ಶನವನ್ನೇ ನೋಡಿ. "ನಿಮಗೆ ಪ್ರವಾಹದ ಭಯವಿದೆಯೇ?" ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಕಳೆದ ಸಲ ನೀರು ಒಳಗೆ ಬಂದಾಗ ಮೊದಲು ಯಾವುದನ್ನು ಎತ್ತಿಟ್ಟಿರಿ?" ಎಂದು ಕೇಳಿದರೆ ದಾಖಲೆಪತ್ರಗಳು, ಹಾಸಿಗೆ, ಹಿರಿಯರ ಔಷಧಿ, ಎಚ್ಚರಿಕೆ ತಲುಪಿದ ಹೊತ್ತು ಎಲ್ಲವೂ ಒಂದರ ಹಿಂದೆ ಒಂದು ಹೊರಬರುತ್ತವೆ. ಇಂತಹ ಪ್ರಶ್ನೆಗಳನ್ನು ರೂಪಿಸಿ, ಕೆಲವರಲ್ಲಿ ಕೇಳಿ ನೋಡಿ, ತಿದ್ದಿ, ಮತ್ತೆ ಕೇಳುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಒಂದನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಿ. ಇನ್ನೊಂದರಿಂದ ನಿಮ್ಮ ಪ್ರಶ್ನೆಗೆ ಬೇಕಾದಷ್ಟನ್ನು ಮಾತ್ರ ಪಡೆಯಿರಿ.

ಉತ್ತರ 3 (ನಕ್ಷೆ ಮತ್ತು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ಸ್ಥಳದ ಮಾಹಿತಿಯನ್ನು ನಕ್ಷೆಗೆ ಜೋಡಿಸುವ ಕೆಲಸದವರು):

ಯಾವ ಶಾಖೆಗೆ ಹೋದರೂ ನಿಮಗೆ ಎದುರಾಗುವ ತೊಡಕು ಗಡಿಗಳದ್ದು, ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ನೀರು ಜಲಾನಯನದ, ಅಂದರೆ ಒಂದು ನದಿಗೆ ನೀರು ಹರಿದುಬರುವ ಪ್ರದೇಶದ, ದಿಬ್ಬಗಳ ಒಳಗೆ ಹರಿಯುತ್ತದೆ. ಜನಗಣತಿಯ ಅಂಕಿಗಳು ಆಡಳಿತದ ಗಡಿಗಳಿಗೆ ಅಂಟಿಕೊಂಡಿರುತ್ತವೆ. ಒಂದು ವಾರ್ಡಿನ ಅರ್ಧ ಭಾಗ ಮಾತ್ರ ಮುಳುಗಿದರೆ, ಆ ವಾರ್ಡಿನ ಜನರಲ್ಲಿ ಅರ್ಧದಷ್ಟು ಮಂದಿ ತೊಂದರೆಗೊಳಗಾದರು ಎಂದು ಬರೆಯುವಂತಿಲ್ಲ, ಏಕೆಂದರೆ ಮನೆಗಳೆಲ್ಲ ಎತ್ತರದ ಅರ್ಧದಲ್ಲೇ ಇರಬಹುದು. ಓಪನ್‌ಶಾ ಮತ್ತು ಟೇಲರ್ ಎಂಬ ಸಂಶೋಧಕರು 1979ರಲ್ಲಿ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು (ಜಿಲ್ಲೆಗಳಂತಹ ಆಡಳಿತ ವಿಭಾಗಗಳನ್ನು) ಬೇರೆ ಬೇರೆ ಬಗೆಯಲ್ಲಿ ಗುಂಪುಗೂಡಿಸಿ, ವೃದ್ಧರ ಪ್ರಮಾಣಕ್ಕೂ ರಿಪಬ್ಲಿಕನ್ ಪಕ್ಷದ ಮತಗಳ ಪ್ರಮಾಣಕ್ಕೂ ಇರುವ ಸಹಸಂಬಂಧವನ್ನು (ಒಂದು ಹೆಚ್ಚಿದಂತೆ ಇನ್ನೊಂದು ಎಷ್ಟು ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ ಎಂಬುದನ್ನು) ಲೆಕ್ಕ ಹಾಕಿದರು. ಗುಂಪುಗಳು ಬದಲಾದಂತೆ ಉತ್ತರವು ಬಲವಾದ ಋಣ ಸಂಬಂಧದಿಂದ ಬಲವಾದ ಧನ ಸಂಬಂಧದವರೆಗೂ ತೂಗಾಡಿತು. ಅಂಕಿಗಳು ಅವೇ, ಗೆರೆಗಳು ಮಾತ್ರ ಬೇರೆ.

ಉಪಗ್ರಹ ಚಿತ್ರಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. 1972ರಲ್ಲಿ ಆರಂಭವಾದ, ಅಮೆರಿಕದ ಭೂವೀಕ್ಷಣಾ ಉಪಗ್ರಹಗಳ ಲ್ಯಾಂಡ್‌ಸ್ಯಾಟ್ ಸರಣಿಯ ಚಿತ್ರಗಳು 2008ರಿಂದ ಉಚಿತವಾಗಿ ಸಿಗುತ್ತಿವೆ, ನದಿಯ ಪಾತ್ರವು ದಶಕಗಳಲ್ಲಿ ಸರಿದಿರುವುದನ್ನು ನೋಡಲು ಅವು ಬಹಳ ಉಪಯುಕ್ತ. ಆದರೆ 1980ರ ದಶಕದಿಂದೀಚಿನ ಅವುಗಳ ಹೆಚ್ಚಿನ ಚಿತ್ರಗಳಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್ ಉದ್ದಗಲದ ಚೌಕ. ಅದರೊಳಗೆ ನಾಲ್ಕು ಮನೆಗಳು, ಒಂದು ಓಣಿ, ಒಂದು ಮರ ಎಲ್ಲವೂ ಸೇರಿ ಒಂದೇ ಬಣ್ಣವಾಗಿಬಿಡುತ್ತವೆ. ನದಿಗೆ ಆ ಅಳತೆ ಸಾಕು, ಮನೆಗೆ ಸಾಲದು.

ಪ್ರಶ್ನೆ ಕೇಳಿದವರು:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮಾನವ ಭೂಗೋಳವನ್ನು ಬೆನ್ನೆಲುಬಾಗಿ ಇಟ್ಟುಕೊಂಡು, ಒಂದೇ ಬೀದಿಯನ್ನು ಆರಿಸಿ, ಮನೆಗಳಿಗೆ ಮರಳಿದವರನ್ನು ಸಂದರ್ಶಿಸಬೇಕೆಂದುಕೊಂಡಿದ್ದೇನೆ. ಗೋಡೆಗಳ ಮೇಲೆ ಪ್ರವಾಹವು ಬಿಟ್ಟ ಕೆಸರಿನ ಗೆರೆಗಳನ್ನೂ ಅಳೆದರೆ, ನೀರಿನ ಎತ್ತರವನ್ನು ಜನರ ನೆನಪಿನೊಡನೆ ಹೋಲಿಸಬಹುದೆಂಬ ಯೋಚನೆ ಬಂದಿದೆ. ಆ ಗೆರೆಗಳನ್ನು ನಂಬಬಹುದೇ?

ಉತ್ತರ 1 ಬರೆದವರು:

ಒಳ್ಳೆಯ ಯೋಚನೆ, ಖಂಡಿತ ಅಳೆಯಿರಿ. ಆದರೆ ಕೆಸರಿನ ಗೆರೆಯನ್ನೂ ತೇವದ ಕಲೆಯನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಗಾರೆಯ ಗೋಡೆಯು ನೀರನ್ನು ಮೇಲಕ್ಕೆ ಹೀರುವುದರಿಂದ ತೇವದ ಕಲೆ ನಿಜವಾದ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ. ಕೆಸರಿನ ಗೆರೆಯಾದರೋ ನೀರು ಇಳಿಯುತ್ತಾ ಸ್ವಲ್ಪ ಹೊತ್ತು ನಿಂತ ಮಟ್ಟವನ್ನು ತೋರಿಸುತ್ತಿರಬಹುದು, ಆಗ ಅದು ಗರಿಷ್ಠ ಮಟ್ಟಕ್ಕಿಂತ ಕೆಳಗಿರುತ್ತದೆ. ಪ್ರತಿ ಮನೆಯ ನೆಲದಿಂದ ಅಳೆದರೆ ಮನೆಗಳನ್ನು ಪರಸ್ಪರ ಹೋಲಿಸಲಾಗದು, ಏಕೆಂದರೆ ನೆಲದ ಎತ್ತರ ಒಂದೊಂದು ಮನೆಗೂ ಬೇರೆ. ಬೀದಿಯಲ್ಲಿ ಕದಲದ ಒಂದು ಬಿಂದುವನ್ನು, ಸೇತುವೆಯ ಮೂಲೆಗಲ್ಲಿನಂತಹದ್ದನ್ನು, ಗೊತ್ತು ಮಾಡಿಕೊಂಡು ಎಲ್ಲ ಗೆರೆಗಳ ಎತ್ತರವನ್ನೂ ಲೆವೆಲ್ ಉಪಕರಣದಿಂದ (ಎರಡು ಜಾಗಗಳ ಎತ್ತರದ ವ್ಯತ್ಯಾಸವನ್ನು ಅಳೆಯುವ ಸಾಧನದಿಂದ) ಅದಕ್ಕೆ ಜೋಡಿಸಿ. ಒಂದೇ ಗೋಡೆಯಲ್ಲಿ ಎರಡು ಮೂರು ಗೆರೆಗಳಿದ್ದರೆ ಯಾವುದು ಯಾವ ವರ್ಷದ್ದು ಎಂದು ಕನಿಷ್ಠ ಎರಡು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿ. ಹಾಗೆಯೇ, ಪೆಟ್ಟಿಗೆ ಇಡುವ ಅಟ್ಟಣೆ, ವಿದ್ಯುತ್ ಸ್ವಿಚ್ಚು, ಔಷಧಿಯ ಗೂಡು ಇವುಗಳ ಎತ್ತರವನ್ನೂ ಅದೇ ಬಿಂದುವಿನಿಂದ ಅಳೆದುಕೊಳ್ಳಿ. ಕಳೆದ ಪ್ರವಾಹದ ನಂತರ ಅವು ಗೆರೆಗಿಂತ ಮೇಲಕ್ಕೆ ಸರಿದಿವೆಯೇ ಎಂಬುದು ನಿಮಗೆ ಅಲ್ಲೇ ಕಾಣುತ್ತದೆ.